ಹಿತ್ತಿಲ ಗಿಡವೂ ಮದ್ದಾಗಲಿ

'ಹಿತ್ತಿಲ ಗಿಡ ಮದ್ದಲ್ಲ' ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಹತ್ತಿರ ಇರುವುದಕ್ಕೆ ಬೆಲೆಯಿಲ್ಲ, ದೂರದಿಂದ ತಂದದ್ದೇ ಶ್ರೇಷ್ಠ ಎಂಬ ಮನುಷ್ಯಸ್ವಭಾವವನ್ನು ಅದು ಎತ್ತಿ ತೋರಿಸುತ್ತದೆ. ಜ್ವರ, ಕೆಮ್ಮು, ಗಾಯಗಳ ವಿಷಯದಲ್ಲಿ ನಾವು ಈ ಸ್ವಭಾವವನ್ನು ಬಹುಮಟ್ಟಿಗೆ ಬಿಟ್ಟಿದ್ದೇವೆ. ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಚೀಟಿ ಮಾಡಿಸಿ ಮದ್ದು ತರುತ್ತೇವೆ. ಆದರೆ ಎರಡು ಕಾಯಿಲೆಗಳ ವಿಷಯದಲ್ಲಿ ಮಾತ್ರ ಗಾದೆ ಇನ್ನೂ ನಿಜವಾಗಿಯೇ ಉಳಿದಿದೆ. ಒಂದು, ಕುಡಿತ ಮತ್ತು ಇತರ ಅಮಲುಗಳ ಚಟ. ಇನ್ನೊಂದು, ಮನಸ್ಸಿನ ಕಾಯಿಲೆ. ಇವುಗಳಿಗೆ ಊರಲ್ಲಿಯೇ ಮದ್ದುಂಟು ಎಂದು ನಾವು ನಂಬುವುದೇ ಇಲ್ಲ. ಮೊದಲು ಮುಚ್ಚಿಡುತ್ತೇವೆ. ಮುಚ್ಚಿಡಲಾಗದೆ ಹೋದಾಗ ದೂರದ ಪಟ್ಟಣಕ್ಕೆ ಒಯ್ಯುತ್ತೇವೆ. ಅಲ್ಲಿಂದ ಕರೆತಂದ ಮೇಲೆ ಮತ್ತೆ ಮುಚ್ಚಿಡುತ್ತೇವೆ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವು ಹಿರಿಯರು ಕೇಳಿಯಾರು. ಅಧ್ಯಾಪಕರಾದ ನಮಗೆ ಇದು ಹೊರಗಿನ ವಿಷಯವಲ್ಲ. ಹಾಜರಿ ಪುಸ್ತಕದಲ್ಲಿ ಸೋಮವಾರ ಸೋಮವಾರ ಗೈರುಹಾಜರಿ ಬೀಳುವ ಮಗುವಿನ ಮನೆಯಲ್ಲಿ ಭಾನುವಾರ ರಾತ್ರಿ ಏನು ನಡೆದಿರಬಹುದು ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ಏಳನೆಯ ತರಗತಿಯವರೆಗೆ ಚುರುಕಾಗಿದ್ದ ಹುಡುಗಿ ಎಂಟನೆಯದರಲ್ಲಿ ಮಂಕಾದರೆ, ಕೇಳಿದಾಗ 'ಅಮ್ಮನಿಗೆ ಹುಷಾರಿಲ್ಲ' ಎಂದಷ್ಟೇ ಹೇಳಿ ತಲೆ ತಗ್ಗಿಸಿದರೆ, ಅದು ಜ್ವರದ ಹುಷಾರಿಲ್ಲದಿರುವಿಕೆ ಅಲ್ಲವೆಂದು ಊಹಿಸುವುದು ಕಷ್ಟವಲ್ಲ. ಮನೆಯ ಕಾಯಿಲೆ ಮಗುವಿನ ಚೀಲದೊಳಗೆ ಪುಸ್ತಕದ ಜೊತೆ ಶಾಲೆಗೂ ಬರುತ್ತದೆ. ಆದುದರಿಂದ ಈ ವಿಷಯವನ್ನು ಮಾತಾಡುವುದಕ್ಕೆ ಶಾಲೆಗಿಂತ ಯೋಗ್ಯವಾದ ಜಾಗ ಇನ್ನೊಂದಿಲ್ಲವೆಂದು ನಾವು ಭಾವಿಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಎರಡು ಕಾಯಿಲೆಗಳಿಗೂ ಬೇಕಾದದ್ದು ಮುಖ್ಯವಾಗಿ ಮನೆಯ ಹತ್ತಿರದ ಹೊರರೋಗಿ ಚಿಕಿತ್ಸೆ. ಅದು ಮತ್ತೆ ಮತ್ತೆ ಹೋಗಿಬರಬಹುದಾದಷ್ಟು ಹತ್ತಿರ ಇರಬೇಕು, ವರ್ಷಗಟ್ಟಲೆ ಮುಂದುವರಿಯಬೇಕು, ರೋಗಿಯ ಮನೆಮಾತಿನಲ್ಲಿ, ಕಡೆಗೆ ಅವನು ಕಲಿತ ಕನ್ನಡದಲ್ಲಿ ನಡೆಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಚಿಕಿತ್ಸೆ ಅರ್ಧದಲ್ಲಿ ನಿಲ್ಲುತ್ತದೆ.

ಮೊದಲು ಕಾಯಿಲೆಯ ಪ್ರಮಾಣವನ್ನು ನೋಡೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಕೇರಳವೂ ಸೇರಿದಂತೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕಿದ ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದಿತೆಂದೂ, ಕಾಯಿಲೆಯನ್ನು ಅನುಸರಿಸಿ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದರೆಂದೂ ಅದು ಕಂಡುಕೊಂಡಿತು. 2019ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ಅಮಲು ಪದಾರ್ಥಗಳ ಬಳಕೆಯ ಬಗ್ಗೆ ಹೊರತಂದ ವರದಿಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ಸೇರಿ ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ. ಹೀಗಿರುವಾಗ 'ದೊಡ್ಡ ಆಸ್ಪತ್ರೆ ಕಟ್ಟೋಣ, ಇನ್ನಷ್ಟು ಹಾಸಿಗೆ ಹಾಕೋಣ' ಎಂದರೆ ಸಾಕೆ? ಎಷ್ಟು ಹಾಸಿಗೆ ಹಾಕಿದರೂ ಉಳಿದ 179 ಮಂದಿಗೆ ಸಾಲವು. ಅವರನ್ನು ತಲಪಬಲ್ಲದ್ದು ಊರಿನ ಆರೋಗ್ಯ ಕೇಂದ್ರದ ಬೆಂಚು ಮಾತ್ರ.

'ಕುಡಿತ ಕಾಯಿಲೆಯೇ? ಮನಸ್ಸು ಗಟ್ಟಿ ಮಾಡಿದರೆ ಬಿಡಲಿಕ್ಕಾಗದೆ?' ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ದಿನವೂ ವಿಪರೀತ ಕುಡಿಯುವವನ ಮೆದುಳು ಆ ಅಮಲಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರೆಗೇಡು ತೊಡಗುತ್ತವೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಮತ್ತೆ ಕೆಲವರಿಗೆ ಎರಡನೆಯ ಮೂರನೆಯ ದಿನ ಬುದ್ಧಿ ಕಲಕಿ, ಇಲ್ಲದ ಹಾವು ಹುಳುಗಳು ಕಾಣಿಸುತ್ತವೆ. ಇದಕ್ಕೆ ಚಿಕಿತ್ಸೆ ಸಿಕ್ಕದಿದ್ದರೆ ಪ್ರಾಣವೇ ಹೋಗಬಹುದು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೋನಾ ನಿಮಿತ್ತ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಕೇರಳದಲ್ಲಿ ಅಮಲು ಸಿಗದ ಸಂಕಟದಿಂದ ಹಲವರು ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು. ಡಾಕ್ಟರ ಚೀಟಿಯ ಮೇಲೆ ಮದ್ಯ ಕೊಡಬಹುದೆಂದು ಸರಕಾರ ಮಾರ್ಚ್ 30ರಂದು ಆಜ್ಞೆ ಹೊರಡಿಸಿತು. ವೈದ್ಯರ ಸಂಘಗಳು ಅದನ್ನು ವಿರೋಧಿಸಿದವು. ಏಪ್ರಿಲ್ 2ರಂದು ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಆ ದಿನಗಳಲ್ಲಿ ಬೇಕಾಗಿದ್ದದ್ದು ನಡುಕವನ್ನು ಇಳಿಸುವ ಸರಿಯಾದ ಮದ್ದು, ಬಿ-1 ಜೀವಸತ್ವದ ಚುಚ್ಚುಮದ್ದು ಮತ್ತು ಎರಡು ದಿನಕ್ಕೊಮ್ಮೆ ನೋಡಿಕೊಳ್ಳುವ ಒಬ್ಬ ಡಾಕ್ಟರು. ಸೌಮ್ಯ ಲಕ್ಷಣಗಳಿರುವವರಿಗೆ ಇದನ್ನು ಹೊರರೋಗಿಗಳಾಗಿಯೇ ಕೊಡಬಹುದು. ಹಿಂದೆ ಫಿಟ್ಸ್ ಬಂದವರು, ಬುದ್ಧಿ ಕಲಕಿದವರು, ಜೀವದ ಮೇಲೆ ಆಸೆ ಬಿಟ್ಟವರು ಆಸ್ಪತ್ರೆಗೆ ಸೇರಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಸೇರಬೇಕಾದವರು ಯಾರು, ಮನೆಯಲ್ಲಿಯೇ ಗುಣವಾಗಬಹುದಾದವರು ಯಾರು ಎಂದು ಆರಿಸುವುದಕ್ಕಾದರೂ ಹತ್ತಿರದಲ್ಲಿ ಒಬ್ಬರು ಬೇಕಲ್ಲವೆ?

ಇಲ್ಲಿಯೇ ಇನ್ನೊಂದು ಎಚ್ಚರಿಕೆ ಹೇಳುವುದು ಅಗತ್ಯ. 'ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ' ಎಂಬ ಜಾಹೀರಾತುಗಳನ್ನು ನಂಬಿ ಪುಡಿ ತರಿಸುವ ಮನೆಗಳಿವೆ. ಆ ಪುಡಿಯಲ್ಲಿ ಏನಿದೆಯೆಂದು ಮಾರುವವನು ಹೇಳುವುದಿಲ್ಲ. ಡೈಸಲ್ಫಿರಮ್ ಎಂಬ ಔಷಧಿಯಿದೆ. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿದು ಅಪಾಯಕ್ಕೂ ಈಡಾಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ಡಾಕ್ಟರ ಮೇಲ್ವಿಚಾರಣೆಯಲ್ಲಿ ಕೊಟ್ಟಾಗ ಮಾತ್ರ ಅದು ಮದ್ದು. ಕದ್ದು ಕೊಟ್ಟರೆ ವಿಷ. ಪಾಪ, ಇದನ್ನು ತರಿಸುವ ತಾಯಂದಿರನ್ನು ನಾವು ದೂರುವುದಿಲ್ಲ. ಕೇಳಲಿಕ್ಕೆ ಹತ್ತಿರದಲ್ಲಿ ಯಾರೂ ಇಲ್ಲದಿರುವುದರಿಂದಲೇ ಅವರು ಅಂಚೆಯ ಪುಡಿಗೆ ಕೈಚಾಚುತ್ತಾರೆ.

ಮನಸ್ಸಿನ ಕಾಯಿಲೆಯ ಕತೆಯೂ ಇದೇ. ಖಿನ್ನತೆಯ ಗುಳಿಗೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ಒಂದು ವಾರ ತಿಂದು 'ಏನೂ ಪ್ರಯೋಜನವಿಲ್ಲ' ಎಂದು ಬಿಡುವವರು ಹಲವರು. 'ಈಗ ಸರಿಯಾಯಿತು' ಎಂದು ಬೇಗನೆ ಬಿಟ್ಟು ಮತ್ತೆ ಬೀಳುವವರು ಇನ್ನೂ ಹಲವರು. ಬುದ್ಧಿಭ್ರಮಣೆಯಂತಹ ದೊಡ್ಡ ಕಾಯಿಲೆಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಅದನ್ನು ಚುಚ್ಚಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ, ಆರೋಗ್ಯ ಕೇಂದ್ರದ ನರ್ಸಮ್ಮ ಸಾಕು. ಹೀಗೆ ನೋಡಿದರೆ ಈ ಕಾಯಿಲೆಗಳು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜಾತಿಗೆ ಸೇರಿದವು. ತಿಂಗಳಿಗೊಮ್ಮೆ ತೋರಿಸಿ ಮದ್ದು ತರುವುದರಲ್ಲಿಯೇ ಅವುಗಳ ಚಿಕಿತ್ಸೆಯ ಜೀವ ಇದೆ.

ಈಗ ಒಂದು ಲೆಕ್ಕ ಹಾಕೋಣ. ಎಣ್ಮಕಜೆ ಅಥವಾ ಪೈವಳಿಕೆಯ ಒಳಭಾಗದ ಒಬ್ಬ ಕೂಲಿಕಾರ ಕುಡಿತ ಬಿಡಬೇಕೆಂದು ನಿಶ್ಚಯಿಸಿದನೆನ್ನಿ. ಕೇರಳ ಸರಕಾರದ 'ವಿಮುಕ್ತಿ' ಯೋಜನೆಯಲ್ಲಿ ನಮ್ಮ ಜಿಲ್ಲೆಯ ಚಿಕಿತ್ಸಾ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ, ಅಂದರೆ ಜಿಲ್ಲೆಯ ತೆಂಕು ತುದಿಯ ಕಡೆ. ಬೆಳಗಿನ ಮೊದಲ ಬಸ್ಸು ಹಿಡಿದು, ಪೇಟೆಯಲ್ಲಿಳಿದು, ಕಾಸರಗೋಡಿಗೆ ಇನ್ನೊಂದು ಬಸ್ಸು, ಅಲ್ಲಿಂದ ಮತ್ತೊಂದು. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋಗಬೇಕೆಂದಿಟ್ಟುಕೊಂಡರೂ ವರ್ಷಕ್ಕೆ 14 ಸಲ. ಒಬ್ಬನನ್ನೇ ಕಳುಹಿಸಿದರೆ ಬರುವ ದಾರಿಯಲ್ಲಿ ಅಂಗಡಿಗಳಿವೆ. ಆದುದರಿಂದ ಹೆಂಡತಿಯೋ ಅಣ್ಣನೋ ಜೊತೆಗೆ ಹೋಗಬೇಕು. ಇಬ್ಬರ ಮಜೂರಿ ಸೇರಿ 28 ದಿನದ ಸಂಪಾದನೆ ಹೋಯಿತು. ಬಸ್ಸಿನ ಹಣ ಬೇರೆ. ಮೂರನೆಯ ಸಲಕ್ಕೆ ಮಳೆ, ನಾಲ್ಕನೆಯ ಸಲಕ್ಕೆ ಅಡಿಕೆ ಕೊಯ್ಲು, ಐದನೆಯ ಸಲಕ್ಕೆ ಮನೆಯಲ್ಲಿ ಮದುವೆ. ಅಲ್ಲಿಗೆ ಚಿಕಿತ್ಸೆ ನಿಂತಿತು. ಊರವರು 'ಇವನಿಗೆ ಎಷ್ಟು ಮಾಡಿದರೂ ಅಷ್ಟೆ' ಎಂದು ಷರಾ ಬರೆದರು. ಈ ಮನುಷ್ಯ ಸೋತದ್ದು ಕುಡಿತಕ್ಕೋ, ಬಸ್ಸಿನ ದಾರಿಗೋ?

ಮಂಗಳೂರು ನಮಗೆ ಹತ್ತಿರವಲ್ಲವೆ ಎಂದು ಮಂಜೇಶ್ವರದ ಕಡೆಯವರು ಹೇಳಬಹುದು. ನಿಜ, ತಲೆಮಾರುಗಳಿಂದ ನಮ್ಮ ಆಸ್ಪತ್ರೆ, ಪೇಟೆ, ಕಾಲೇಜು ಎಲ್ಲವೂ ಮಂಗಳೂರೇ. ಆದರೆ ಖಾಸಗಿ ಆಸ್ಪತ್ರೆಯ ಖರ್ಚು ವರ್ಷಗಟ್ಟಲೆ ಹೊರಲು ಎಲ್ಲರಿಗೂ ಸಾಧ್ಯವಲ್ಲ. ಮೇಲಾಗಿ 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನೂ, ಒಳದಾರಿಗಳಿಗೆ ಮಣ್ಣು ಸುರಿದದ್ದನ್ನೂ, ಮಂಗಳೂರಿಗೆ ಹೋಗಲಾರದೆ ರೋಗಿಗಳು ಪಟ್ಟ ಪಾಡನ್ನೂ ನಾವು ಮರೆಯಲಾರೆವು. ದಿನವೂ ತಿನ್ನಬೇಕಾದ ಮದ್ದು ಗಡಿಯ ಆಚೆಗಿದ್ದರೆ ಗಡಿ ಮುಚ್ಚಿದ ದಿನ ಮದ್ದೂ ನಿಲ್ಲುತ್ತದೆ.

ಹತ್ತಿರದ ಚಿಕಿತ್ಸೆ ಎಂಬುದು ಬರಿಯ ಆಶೆಯ ಮಾತಲ್ಲ. ನಮ್ಮ ದೇಶದಲ್ಲಿಯೇ ಮಾಡಿ ತೋರಿಸಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಕರೆಸಿ, ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯೊಡನೆಯೇ ಉಳಿಸಿಕೊಂಡರು. ಹುಚ್ಚಾಸ್ಪತ್ರೆಗೆ ಬಿಟ್ಟವನನ್ನು ಮನೆಯವರು ಮರೆತೇಬಿಡುತ್ತಿದ್ದ ಕಾಲದಲ್ಲಿ ಅವರ ರೋಗಿಗಳು ಬೇಗ ಗುಣವಾಗಿ ಮನೆಗೆ ಹಿಂದಿರುಗಿದರು. 1970ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆದು, ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವುದನ್ನು ಕಲಿಸಬಹುದೆಂದು ತೋರಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದ್ದು ಕನ್ನಡನಾಡಿನ ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ ತರಬೇತಿ, ಆಯ್ದ ಕೆಲವೇ ಔಷಧಿಗಳ ಪೂರೈಕೆ, ಸರಳವಾದ ದಾಖಲೆ ಪುಸ್ತಕ, ಮೇಲ್ವಿಚಾರಣೆಗೆ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು. ಇಷ್ಟೇ ಬಂಡವಾಳ. 'ಬಳ್ಳಾರಿ ಮಾದರಿ' ಎಂದು ದೇಶದಲ್ಲೆಲ್ಲ ಹೆಸರಾದ ಇದರ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ಕೇರಳದ 14 ಜಿಲ್ಲೆಗಳಲ್ಲಿಯೂ ಅದು ಇದೆ. ಮನೋವೈದ್ಯರ ತಂಡ ನಿಗದಿತ ದಿನಗಳಲ್ಲಿ ಕೆಳಗಿನ ಆಸ್ಪತ್ರೆಗಳಿಗೂ ಬರುತ್ತದೆ. ಕನ್ನಡ ಜಿಲ್ಲೆಯೊಂದು ದೇಶಕ್ಕೆ ಕಲಿಸಿದ ಪಾಠವು ಕನ್ನಡಿಗರಾದ ನಮಗೆ ಮಲಯಾಳದ ಮೂಲಕ ಮರಳಿ ಬಂದಿದೆ ಎಂಬುದು ಸ್ವಾರಸ್ಯಕರವಾಗಿದೆ.

ಗೋವೆಯ ಒಂದು ಪ್ರಯೋಗವಂತೂ ಇನ್ನೂ ಮುಂದೆ ಹೋಯಿತು. ಅಲ್ಲಿನ 'ಸಂಗಾತ್' ಸಂಸ್ಥೆ ಮನೋವಿಜ್ಞಾನದ ಪದವಿಯಿಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಿತಿಮೀರಿ ಕುಡಿಯುವ ಗಂಡಸರೊಡನೆ ನಾಲ್ಕರವರೆಗೆ ಸಲ ಕೂತು ಮಾತನಾಡಿಸುವ ಏರ್ಪಾಡು ಮಾಡಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ಬಳಿಕ ಹೀಗೆ ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಗೆರೆಯಿಂದ ಹಿಂದೆ ಸರಿದಿದ್ದರು. ಪಡೆಯದವರಲ್ಲಿ ನೂರಕ್ಕೆ 26 ಮಂದಿ. ಇದು ಪವಾಡವೇನಲ್ಲ, ಎಲ್ಲರೂ ಗುಣವಾಗಲೂ ಇಲ್ಲ. ಚಟಕ್ಕೆ ಪೂರ್ತಿ ದಾಸರಾದವರನ್ನು ಆ ಪ್ರಯೋಗದಲ್ಲಿ ಸೇರಿಸಿಯೂ ಇರಲಿಲ್ಲ. ಆದರೆ ದೊಡ್ಡ ಯಂತ್ರವಿಲ್ಲದೆ, ದುಬಾರಿ ಔಷಧಿಯಿಲ್ಲದೆ, ಊರಿನ ಆರೋಗ್ಯ ಕೇಂದ್ರದ ಒಂದು ಕೋಣೆಯಲ್ಲಿ, ಆ ಊರಿನ ಮಾತು ಬಲ್ಲವರು ಕೇವಲ ಮಾತಿನಿಂದ ಸಾಧಿಸಿದ್ದು ಇಷ್ಟು ಎಂಬುದನ್ನು ಗಮನಿಸಬೇಕು.

ನಮ್ಮ ಭಾಗದಲ್ಲಿ ಮದ್ಯವರ್ಜನ ಶಿಬಿರಗಳು ಜನಪ್ರಿಯವಾಗಿವೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ನಡೆಸುವ ಎಂಟು ದಿನಗಳ ಶಿಬಿರಗಳನ್ನು ನಾವೆಲ್ಲ ಕಂಡಿದ್ದೇವೆ. ಊರಿಗೆ ಊರೇ ಸೇರಿ, ಅಕ್ಕಿ ಕಾಯಿ ಕೊಟ್ಟು, ಅಡುಗೆ ಮಾಡಿ, ಹೆಂಡತಿ ಮಕ್ಕಳನ್ನು ಕರೆಸಿ ನಡೆಸುವ ಈ ಶಿಬಿರಗಳಲ್ಲಿ ಒಂದು ದೊಡ್ಡ ಗುಣವಿದೆ. ಕುಡುಕನೆಂದು ದೂರವಿಟ್ಟವನನ್ನು ಊರೇ ಹತ್ತಿರ ಕೂರಿಸಿಕೊಳ್ಳುತ್ತದೆ. ಅದನ್ನು ಯಾವ ಗುಳಿಗೆಯೂ ಮಾಡಲಾರದು. ಆದರೆ ಒಂಬತ್ತನೆಯ ದಿನ ಏನು? ಶಿಬಿರದಿಂದ ಹೊರಟವನು ಹಿಂದಿನ ಹಾದಿಯಲ್ಲಿಯೇ, ಹಿಂದಿನ ಗೆಳೆಯರ ನಡುವೆಯೇ, ಹಿಂದಿನ ಸಾಲದೊಡನೆಯೇ ಬದುಕಬೇಕು. ಶಿಬಿರ ನಡೆಸುವವರೂ ಇದನ್ನು ಬಲ್ಲರು. ಆದುದರಿಂದಲೇ ಬಿಟ್ಟವರು ಮತ್ತೆ ಮತ್ತೆ ಸೇರಲೆಂದು 'ನವಜೀವನ ಸಮಿತಿ'ಗಳನ್ನು ಮಾಡಿದ್ದಾರೆ. ಆದರೆ ಸಮಿತಿಯಲ್ಲಿ ಡಾಕ್ಟರಿಲ್ಲ. ಕುಡಿತದ ಅಡಿಯಲ್ಲಿ ಖಿನ್ನತೆಯೋ ಭಯದ ಕಾಯಿಲೆಯೋ ಅಡಗಿದ್ದರೆ ಅದಕ್ಕೆ ಮದ್ದು ಬೇಕು. ಶಿಬಿರಕ್ಕೂ ಆರೋಗ್ಯ ಕೇಂದ್ರಕ್ಕೂ ನಡುವೆ ಸಂಬಂಧವಿದ್ದು, ಎಂಟು ದಿನ ಮುಗಿಸಿದ ಪ್ರತಿಯೊಬ್ಬನ ಕೈಯಲ್ಲಿ ಹತ್ತಿರದ ಹೊರರೋಗಿ ವಿಭಾಗದ ಚೀಟಿಯೂ, ಬರಬೇಕಾದ ತಾರೀಕೂ ಇದ್ದರೆ ಶಿಬಿರದ ಪುಣ್ಯಕಾರ್ಯ ಪೂರ್ಣವಾಗುತ್ತದೆ. ಹರಕೆ, ಪ್ರಶ್ನೆ ಚಿಂತನೆಗಳ ಬಗ್ಗೆಯೂ ನಾವು ಇದನ್ನೇ ಹೇಳುತ್ತೇವೆ. ದೇವರಿಗೆ ಹರಕೆ ಹೇಳಿಕೊಳ್ಳುವುದು ನಂಬಿಕೆಯ ವಿಷಯ, ಅದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಬರಲಿ. ಆದರೆ ಹರಕೆ ಹೊತ್ತವರು ಮದ್ದನ್ನು ಬಿಡಬೇಕೆಂದು ಯಾವ ದೇವರೂ ಹೇಳಿಲ್ಲ.

ಇನ್ನು ಭಾಷೆಯ ಮಾತು. ಗಡಿನಾಡಿನವರು ಎಲ್ಲದಕ್ಕೂ ಭಾಷೆಯನ್ನು ಎಳೆದು ತರುತ್ತಾರೆಂದು ಯಾರೂ ಆಕ್ಷೇಪಿಸಬಾರದು. ಕಾಲು ಮುರಿದವನನ್ನು ಮಾತಿಲ್ಲದೆಯೂ ಪರೀಕ್ಷಿಸಬಹುದು, ಕ್ಷಕಿರಣಕ್ಕೆ ಭಾಷೆಯಿಲ್ಲ. ಮನಸ್ಸಿನ ಕಾಯಿಲೆಗೆ ಕ್ಷಕಿರಣವಿಲ್ಲ. ಅಲ್ಲಿ ಡಾಕ್ಟರಿಗೆ ಇರುವ ಉಪಕರಣ ಮಾತೊಂದೇ. ನಮ್ಮ ಕಡೆಯ ಹೆಂಗಸು 'ಮಂಡೆ ಬಿಸಿ' ಎಂದರೆ ಅದು ತಲೆಯ ಜ್ವರವಲ್ಲ, ತಾಳಲಾರದ ಚಿಂತೆ. 'ಬೇಜಾರು' ಎಂದರೆ ಕೆಲವೊಮ್ಮೆ ಬರಿಯ ಬೇಸರ, ಕೆಲವೊಮ್ಮೆ ಕಣ್ಣೀರು ಬತ್ತಿದ ದುಃಖ. 'ಕೈಕಾಲು ಸೋಲುತ್ತದೆ' ಎಂದರೆ ವಾತವೂ ಆಗಿರಬಹುದು, ಹೆದರಿಕೆಯೂ ಆಗಿರಬಹುದು. 'ಯಾವುದೂ ಬೇಡ ಅಂತ ಆಗ್ತದೆ' ಎಂದು ಮೆಲ್ಲಗೆ ಹೇಳಿದ ಮಾತಿನ ತೂಕವನ್ನು ಆ ಭಾಷೆಯಲ್ಲಿ ಬೆಳೆದವರು ತಟ್ಟನೆ ಅರಿಯುತ್ತಾರೆ. ಇತರರಿಗೆ ಅದು ದಾಟಿಹೋಗಬಹುದು. ಇದರಲ್ಲಿ ಮಲಯಾಳ ಭಾಷೆಯ ಡಾಕ್ಟರ ತಪ್ಪೇನೂ ಇಲ್ಲ. ಅವರಲ್ಲಿ ಎಷ್ಟೋ ಮಂದಿ ಸೌಜನ್ಯದಿಂದ ಕೇಳುತ್ತಾರೆ, ತುಳು ಕನ್ನಡ ಕಲಿಯಲು ಯತ್ನಿಸುತ್ತಾರೆ. ತಪ್ಪಿರುವುದು ವ್ಯವಸ್ಥೆಯಲ್ಲಿ.

ಮತ್ತು ಈ ಕೊರತೆಯ ಭಾರ ಕೊನೆಗೆ ಬೀಳುವುದು ಯಾರ ಮೇಲೆ? ನಮ್ಮ ವಿದ್ಯಾರ್ಥಿಗಳ ಮೇಲೆ! ಮನೆಯಲ್ಲಿ ಅಷ್ಟಿಷ್ಟು ಮಲಯಾಳ ಬಲ್ಲವನು ಹೈಸ್ಕೂಲಿಗೆ ಹೋಗುವ ಮಗ ಅಥವಾ ಮಗಳು. ಆದುದರಿಂದ ಒಂಬತ್ತನೆಯ, ಹತ್ತನೆಯ ತರಗತಿಯ ಮಗು ಆಸ್ಪತ್ರೆಯಲ್ಲಿ ದುಭಾಷಿಯಾಗಿ ನಿಲ್ಲುತ್ತದೆ. ಡಾಕ್ಟರು ಕೇಳುತ್ತಾರೆ: ಎಷ್ಟು ಕುಡಿಯುತ್ತಾನೆ? ಹೊಡೆಯುತ್ತಾನೆಯೆ? ಸಾಯಬೇಕೆಂದು ಅನಿಸಿದ್ದುಂಟೆ? ತಾಯಿ ಮಗನ ಮುಖ ನೋಡಿ 'ಇಲ್ಲ' ಎನ್ನುತ್ತಾಳೆ. ತಂದೆ ಮಗಳ ಎದುರಿನಲ್ಲಿ ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಮಗುವೂ ನಾಚಿಕೆಯಿಂದ ಒಂದಿಷ್ಟು ಬಿಟ್ಟು ಅನುವಾದಿಸುತ್ತದೆ. ಹೀಗೆ ಮೂರು ಕಡೆ ಸೋರಿ ಉಳಿದ ಮಾತಿನ ಮೇಲೆ ಡಾಕ್ಟರು ಮದ್ದು ಬರೆಯಬೇಕು. ಆ ದಿನ ಮಗು ಕಲಿತದ್ದನ್ನು ಯಾವ ಪಾಠಪುಸ್ತಕವೂ ಮರೆಸಲಾರದು. ಹದಿನಾಲ್ಕರ ಹುಡುಗನ ಹೆಗಲ ಮೇಲೆ ಇಷ್ಟು ಭಾರ ಹೊರಿಸಲು ಯಾರಿಗೂ ಅಧಿಕಾರವಿಲ್ಲ.

ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಒಪ್ಪಿದೆ. 2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮನಸ್ಸಿನ ತೊಂದರೆಗಳೂ ಆ ಕಾಯಿದೆಯ ವ್ಯಾಪ್ತಿಗೆ ಸೇರಿವೆ. ಸರಕಾರದಿಂದ ನಡೆಯುವ ಅಥವಾ ಸರಕಾರದ ಹಣ ಪಡೆಯುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು. ಅದು ಕೈಗೆಟಕುವ ಖರ್ಚಿನಲ್ಲಿ, ತಲಪಬಹುದಾದ ದೂರದಲ್ಲಿ, ರೋಗಿಗೂ ಮನೆಯವರಿಗೂ ಒಪ್ಪುವ ರೀತಿಯಲ್ಲಿ ಇರಬೇಕು. ಕಾಯಿಲೆಯ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ತಿಳಿಸಬೇಕು. ಜೀವ ಕಳೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿಯೆಂದು ಶಿಕ್ಷಿಸದೆ, ತೀವ್ರ ಸಂಕಟದಲ್ಲಿದ್ದವನೆಂದು ಭಾವಿಸಿ ಸರಕಾರ ಅವನ ಆರೈಕೆ ಮಾಡಬೇಕು. ಇವೆಲ್ಲ ಕಾಯಿದೆಯ ಪುಸ್ತಕದಲ್ಲಿ ಇವೆ. ಪುಸ್ತಕದಿಂದ ಇಳಿಸಿ ನಮ್ಮ ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ತರುವುದು ನಮ್ಮ ಕೆಲಸ.

ಆದುದರಿಂದ ನಮ್ಮ ಪಂಚಾಯತುಗಳಲ್ಲಿ ಇಷ್ಟನ್ನು ಒತ್ತಾಯಿಸಬೇಕೆಂದು ನಮ್ಮ ಸೂಚನೆ. ಕನ್ನಡ ಪ್ರದೇಶದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ವಾರದ ಒಂದು ನಿಶ್ಚಿತ ದಿನ ಈ ಕಾಯಿಲೆಗಳ ಹೊರರೋಗಿ ಸೇವೆ ಇರಲಿ. ಮಳೆಗಾಲದಲ್ಲಿಯೂ ಅದು ತಪ್ಪದಿರಲಿ. ಕನ್ನಡ ತುಳು ಬಲ್ಲ ಒಬ್ಬ ಸಮಾಲೋಚಕರು ಅಲ್ಲಿ ಕೂರಲಿ. ಅರ್ಜಿ, ಚೀಟಿ, ಸೂಚನಾ ಫಲಕಗಳು ಕನ್ನಡದಲ್ಲಿಯೂ ಇರಲಿ. ಬರೆದ ಮದ್ದು ಅಲ್ಲಿಯೇ ದೊರೆಯಲಿ. ಬರಬೇಕಾದವನು ಎರಡು ಸಲ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ಏರ್ಪಾಡಿರಲಿ. ಕೊನೆಯದಕ್ಕೆ ಕೇರಳದಲ್ಲಿಯೇ ಮಾದರಿಯಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಪಾಲಿಯೇಟಿವ್ ಚಿಕಿತ್ಸೆ ಇಂದು ನಮ್ಮ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಮನೆ ಬಾಗಿಲಿಗೆ ನರ್ಸನ್ನು ಕರೆತರುತ್ತದೆ. ಜೊತೆಗೆ ಹೋಗುವವರು ಊರಿನ ಸ್ವಯಂಸೇವಕರು. ಅದೇ ಕೋಝಿಕ್ಕೋಡಿನಲ್ಲಿ 2008ರಿಂದ ಮೆಂಟಲ್ ಹೆಲ್ತ್ ಆಕ್ಷನ್ ಟ್ರಸ್ಟ್ ಎಂಬ ಸಂಸ್ಥೆ ಇದೇ ಹಾದಿಯಲ್ಲಿ, ಸ್ವಯಂಸೇವಕರ ಸಹಾಯದಿಂದ, ಬಡ ಮನೋರೋಗಿಗಳಿಗೆ ಉಚಿತ ಊರ ಚಿಕಿತ್ಸಾಲಯಗಳನ್ನು ನಡೆಸುತ್ತಿದೆ. ಕೋಝಿಕ್ಕೋಡಿಗೆ ಸಾಧ್ಯವಾದದ್ದು ಕುಂಬಳೆಗೂ ಬದಿಯಡ್ಕಕ್ಕೂ ಸಾಧ್ಯವಾಗದೆ?

'ಊರಲ್ಲಿಯೇ ಚಿಕಿತ್ಸೆಯಾದರೆ ನಾಲ್ಕು ಜನ ನೋಡುತ್ತಾರೆ, ಮಗಳ ಮದುವೆಗೆ ಅಡ್ಡಿಯಾಗುತ್ತದೆ' ಎಂಬುದು ಇದಕ್ಕೆ ಬರುವ ಮುಖ್ಯ ಆಕ್ಷೇಪ. ಈ ಹೆದರಿಕೆ ಸುಳ್ಳಲ್ಲ. ಇದನ್ನು ನಗೆಯಾಡುವುದು ಸರಿಯಲ್ಲ. ಬೇರೆ ಬಾಗಿಲು, ಬೇರೆ ಫಲಕ ಇಡದೆ, ರಕ್ತದೊತ್ತಡ ಸಕ್ಕರೆಯವರ ಸಾಲಿನಲ್ಲಿಯೇ ಇವರನ್ನೂ ನೋಡುವುದು ಒಂದು ಪರಿಹಾರ. ಆದರೆ ಪೂರ್ತಿ ಪರಿಹಾರ ನಮ್ಮ ನಾಲಗೆಯಲ್ಲಿದೆ. 'ಹುಚ್ಚ', 'ಕುಡುಕ', 'ಮರ್ಲ' ಎಂಬ ಮಾತುಗಳನ್ನು ನಾವು ಬಿಟ್ಟ ದಿನ ಆ ಬೆಂಚಿನ ಮೇಲೆ ಕೂರುವ ನಾಚಿಕೆಯೂ ಅರ್ಧ ಹೋಗುತ್ತದೆ. ಸರಕಾರದ ಬಗ್ಗೆಯೂ ಒಂದು ಮಾತು. 1984ರಿಂದ ನಿಗಮ ಮಾಡಿ ಮದ್ಯ ಮಾರುವುದೂ ಸರಕಾರವೇ, ಚಟ ಬಿಡಿಸುವುದೂ ಸರಕಾರವೇ. ಮಾರಾಟಕ್ಕೆ ತೋರುವ ಉತ್ಸಾಹದ ಒಂದು ಪಾಲನ್ನಾದರೂ ಚಿಕಿತ್ಸೆಗೆ ತೋರಬೇಕೆಂದು ಕೇಳುವುದು ಅತಿಯಾಸೆಯಾಗಲಾರದು.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ಎರಡು ಮಾತು. ಗಾಂಜಾ, ಎಂ.ಡಿ.ಎಂ.ಎ. ಮೊದಲಾದವು ಇಂದು ಶಾಲೆಯ ಗೇಟಿನವರೆಗೂ ಬಂದಿವೆ. 'ಒಮ್ಮೆ ನೋಡೋಣ' ಎಂದು ಕೊಡುವವನು ಗೆಳ��ಯನಲ್ಲ. ಆದರೆ ಯಾರಾದರೂ ಈಗಾಗಲೇ ಸಿಕ್ಕಿಬಿದ್ದಿದ್ದರೆ, ಅವನನ್ನು ಶಾಲೆಯಿಂದ ಹೊರಗೆ ಹಾಕುವುದು ಮದ್ದಲ್ಲವೆಂದು ನಾವು ನಂಬಿದ್ದೇವೆ. ಹೊರಗೆ ಹಾಕಿದರೆ ಅವನು ಹೋಗುವುದು ಕೊಟ್ಟವನ ಬಳಿಗೇ. ಅವನನ್ನು ಚಿಕಿತ್ಸೆಗೆ ಕರೆದೊಯ್ಯಬೇಕು, ತರಗತಿಯಲ್ಲಿ ಅವನ ಜಾಗ ಉಳಿಸಬೇಕು. ಇನ್ನು ಮನೆಯಲ್ಲಿ ತಂದೆಯ ಕುಡಿತವೋ ತಾಯಿಯ ಕಾಯಿಲೆಯೋ ಇರುವ ಮಕ್ಕಳು ಇದನ್ನು ನೆನಪಿಡಿ: ಅದು ನಿಮ್ಮಿಂದ ಬಂದದ್ದಲ್ಲ, ಅದನ್ನು ಗುಣಪಡಿಸುವುದು ನಿಮ್ಮೊಬ್ಬರ ಹೊಣೆಯೂ ಅಲ್ಲ. ನೀವು ನಂಬುವ ಒಬ್ಬ ಅಧ್ಯಾಪಕರಲ್ಲಿ ಹೇಳಿ. ಆಶಾ ಕಾರ್ಯಕರ್ತೆಯಲ್ಲಿ ಕೇಳಿದರೆ ಮನೋವೈದ್ಯರ ತಂಡ ಯಾವ ದಿನ ಎಲ್ಲಿಗೆ ಬರುತ್ತದೆಂದು ತಿಳಿಸುತ್ತಾರೆ. ಹೇಳಲಿಕ್ಕೆ ಯಾರೂ ಇಲ್ಲವೆಂದು ತೋರಿದ ರಾತ್ರಿ 14416 ಎಂಬ ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಈ ಸರಕಾರಿ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು.

ದೂರವಾಣಿ ದಾರಿ ತೋರಿಸಬಹುದು; ನಾಡಿ ಹಿಡಿದು ಮದ್ದು ಕೊಡುವವರು ಹತ್ತಿರದಲ್ಲಿಯೇ ಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದೀಪ, ನೀರುಗಳ ಜೊತೆಗೆ ಈ ಒಂದು ಬೇಡಿಕೆಯನ್ನೂ ಎತ್ತಬೇಕೆಂದು ಹೆತ್ತವರಲ್ಲಿ ನಮ್ಮ ವಿನಂತಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಬರೆದುಕೊಡಲು ನಾವು ಸಿದ್ಧರಿದ್ದೇವೆ. ಊರಿನ ಆರೋಗ್ಯ ಕೇಂದ್ರದಲ್ಲಿ, ನಮ್ಮ ಮಾತಿನಲ್ಲಿ, ವಾರಕ್ಕೊಂದು ದಿನ ಈ ಬಾಗಿಲು ತೆರೆದರೆ ನಮ್ಮ ಹಾಜರಿ ಪುಸ್ತಕದ ಸೋಮವಾರಗಳೂ ತುಂಬಿಯಾವು.